ಕುಡಿಯದವನ ಲಿವರ್

ನಮ್ಮ ಕಡೆ ಒಂದು ಗಾದೆ ಇದೆ: ಮಾಡಿದ್ದುಣ್ಣೋ ಮಹರಾಯ. ಉರ್ದು ಶಾಲೆಯಲ್ಲಿ ಓದುವಾಗ ಇದೇ ಮಾತನ್ನು ನಾನು ‘ಜೈಸೀ ಕರ್ನೀ, ವೈಸೀ ಭರ್ನೀ’ ಎಂದು ಕಲಿತಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮಕ್ಕೆ ಬಂದ ಮೇಲೆ ಕನ್ನಡದ ಗಾದೆಯೂ ಸಿಕ್ಕಿತು. ಎರಡು ಭಾಷೆಗಳು ಸೇರಿ ಒಂದೇ ಮಾತು ಹೇಳುತ್ತಿವೆ ಎಂದರೆ ಅದು ನಿಜವೇ ಇರಬೇಕೆಂದು ಬಹಳ ಕಾಲ ನಂಬಿಕೊಂಡಿದ್ದೆ. ಆ ನಂಬಿಕೆ ಅಲುಗಾಡಿದ್ದು ನನ್ನ ದೊಡ್ಡ ಮಾಮೂ ಅವರ ಹೊಟ್ಟೆ ಊದಿಕೊಂಡಾಗ.

ಮಾಮೂ ಮದ್ದೂರಿನವರು. ಮದ್ದೂರು ಎಂದರೆ ವಡೆಗೆ ಹೆಸರಾದ ಮಂಡ್ಯ ಜಿಲ್ಲೆಯ ಮದ್ದೂರಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನ ಅಂಚಿನಲ್ಲಿರುವ ಮದ್ದೂರು. ಸುತ್ತ ಸೂರ್ಯಕಾಂತಿ, ಚೆಂಡುಹೂ, ಅರಿಸಿನ, ಸಣ್ಣ ಈರುಳ್ಳಿಯ ಹೊಲಗಳು. ಮುಂದೆ ಕಾಡು, ಕಾಡಿನಾಚೆ ಕೇರಳ. ಅಲ್ಲಿ ಮಾಮೂ ಅವರದೊಂದು ಟೀ ಅಂಗಡಿ. 2009ರಲ್ಲಿ ವನ್ಯಪ್ರಾಣಿಗಳ ರಕ್ಷಣೆಗೆಂದು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಆ ರಸ್ತೆಯಲ್ಲಿ ವಾಹನ ಸಂಚಾರ ನಿಷೇಧವಾಯಿತು. ಹೊತ್ತು ಮೀರಿ ಬಂದ ಲಾರಿಗಳು ಚೆಕ್‌ಪೋಸ್ಟಿನ ಈಚೆಗೇ ನಿಂತು ಬೆಳಗು ಕಾಯಬೇಕು. ಕಾಯುವವರಿಗೆ ಟೀ ಬೇಕು. ಮಾಮೂ ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿಸುತ್ತಿದ್ದರು. ಪ್ರತಿ ಸಲ ಪಾತ್ರೆಗೆ ಸಕ್ಕರೆ ಹಾಕಿದಾಗಲೂ ಅರ್ಧ ಲೋಟ ಬಗ್ಗಿಸಿಕೊಂಡು ರುಚಿ ನೋಡುತ್ತಿದ್ದರು. ದಿನಕ್ಕೆ ಎಷ್ಟು ಅರ್ಧ ಲೋಟಗಳಾಗುತ್ತಿದ್ದವೋ ಯಾರೂ ಲೆಕ್ಕವಿಡಲಿಲ್ಲ. ನಲವತ್ತನಾಲ್ಕನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆ ಕೊಟ್ಟರು. ನೆನಪಾದ ದಿನ ನುಂಗಿದರು.

ಹೆಂಡದ ವಿಷಯದಲ್ಲಿ ಮಾತ್ರ ಅವರು ಬಲು ಕಟ್ಟುನಿಟ್ಟು. ಕೆಮ್ಮಿನ ಔಷಧಿಯ ಬಾಟಲಿ ತಂದರೂ ಅದರಲ್ಲಿ ಆಲ್ಕೋಹಾಲ್ ಇದೆಯೇ ಎಂದು ನನ್ನಿಂದ ಓದಿಸಿಕೊಂಡೇ ಮುಚ್ಚಳ ತೆಗೆಯುತ್ತಿದ್ದರು. ಕುಡಿದು ಬಂದ ಡ್ರೈವರಿಗೆ ಅವರ ಅಂಗಡಿಯಲ್ಲಿ ಟೀ ಸಿಗುತ್ತಿರಲಿಲ್ಲ. ಒಮ್ಮೆ ಪಕ್ಕದ ಬೀದಿಯ ಟೈಲರ್ ಒಬ್ಬರು ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ತೀರಿಕೊಂಡರು. ಕುಡಿತದ ಚಟ ಇದ್ದವರು. ಮಣ್ಣಿಗೆ ಹೋಗಿ ಬಂದ ಮಾಮೂ ಕೈ ತೊಳೆಯುತ್ತಾ ಹೇಳಿದ್ದು ಅದೇ ಗಾದೆ: ‘ಮಾಡಿದ್ದುಣ್ಣೋ ಮಹರಾಯ.’ ಆಗ ನನಗೆ ಆ ಮಾತಿನಲ್ಲಿ ಕ್ರೌರ್ಯ ಕಾಣಲಿಲ್ಲ. ನ್ಯಾಯ ಕಂಡಿತು.

ಹದಿನೈದು ವರ್ಷ ಕಳೆದ ಮೇಲೆ ಮಾಮೂ ಅವರ ಸಕ್ಕರೆ ತಾನಾಗಿಯೇ ಇಳಿಯತೊಡಗಿತು. ‘ನೋಡು, ಮಾತ್ರೆ ಅರ್ಧ ಮಾಡಿದರೂ ಶುಗರ್ ನಾರ್ಮಲ್’ ಎಂದು ಹಿಗ್ಗಿದರು. ಮನೆಯವರೆಲ್ಲ ಹಿಗ್ಗಿದೆವು. ಆ ಇಳಿತದ ಅರ್ಥ ಬೇರೆಯೇ ಇರಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ. ಕಾಲು ಊದಿತು. ಆಮೇಲೆ ಹೊಟ್ಟೆ. ಲುಂಗಿಯ ಗಂಟು ಕಟ್ಟಲಾಗದಷ್ಟು ಆದಾಗ ಮೈಸೂರಿಗೆ ಕರೆದುಕೊಂಡು ಹೋದೆವು. ಸ್ಕ್ಯಾನಿಂಗ್ ರಿಪೋರ್ಟ್ ನೋಡಿದ ವೈದ್ಯರು ಮುಖ ಎತ್ತದೆ ಕೇಳಿದ ಮೊದಲ ಪ್ರಶ್ನೆ:

‘ಎಷ್ಟು ವರ್ಷದಿಂದ ಕುಡೀತಿದ್ದೀರಿ?’

ಮಾಮೂ ಮುಗ್ಧವಾಗಿ ಕೇಳಿದರು, ‘ಟೀನಾ ಡಾಕ್ಟ್ರೇ?’

ವೈದ್ಯರು ನಕ್ಕರು, ಆದರೆ ನಂಬಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮುಮಾನಿಯ ಮುಖ ಬಿಳಿಚಿಕೊಂಡಿತು. ಮನೆಗೆ ಬಂದವರೇ ಆ ರಿಪೋರ್ಟನ್ನು ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟರು. ಗ್ಯಾಸ್ ಟ್ರಬಲ್ ಎಂದು ಹೇಳಿಕೊಂಡು ಮೂರು ತಿಂಗಳು ಕಳೆದವು. ಆದರೂ ಸುದ್ದಿ ಹೊರಬಿತ್ತು. ‘ಏನೋ ಕಣಪ್ಪ, ಲಾರಿಯೋರ ಸಹವಾಸ. ರಾತ್ರೆ ಹೊತ್ತು ಯಾರು ನೋಡೋರು’ ಎಂದಿತು ಊರು. ಜಮಾತಿನ ಹಿರಿಯರೊಬ್ಬರು ಮಾತ್ರ ಏನೂ ಅನ್ನದೆ, ಆಕಾಶ ನೋಡಿ, ‘ಅಲ್ಲಾಹನೇ ಬಲ್ಲ’ ಎಂದರು. ಕೆಲವೊಮ್ಮೆ ಇಷ್ಟು ಪವಿತ್ರವಾದ ಮಾತೂ ಚಾಡಿಯ ಕೆಲಸವನ್ನೇ ಮಾಡಿಬಿಡುತ್ತದೆ.

ಊರನ್ನು ದೂರಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ಒಂದು ರಾತ್ರಿ ನನಗೂ ಅನಿಸಿತು: ಡಾಕ್ಟರರೇ ಕೇಳಿದ್ದಾರೆಂದರೆ ಏನಾದರೂ ಇರಬಹುದೇ? ಬಾಲ್ಯದಿಂದ ಕಂಡ ಮನುಷ್ಯನ ಮಾತಿಗಿಂತ ಒಂದು ಸ್ಕ್ಯಾನಿಂಗ್ ಹಾಳೆಯ ಮಾತು ನನಗೆ ಹೆಚ್ಚಾಗಿ ಕಂಡಿತು. ಈ ಲೇಖನ ಬರೆಯುತ್ತಿರುವುದು ಆ ರಾತ್ರಿಗಾಗಿ.

ಬೇರೊಬ್ಬ ವೈದ್ಯರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಪಿತ್ತಜನಕಾಂಗ, ಅಂದರೆ ಲಿವರ್, ನಮ್ಮ ಮೈಯ ಉಗ್ರಾಣ. ಉಂಡಾಗ ಬಂದ ಸಕ್ಕರೆಯನ್ನು ಕೂಡಿಟ್ಟುಕೊಂಡು, ಹೊಟ್ಟೆ ಖಾಲಿಯಿರುವಾಗ, ರಾತ್ರಿ ಮಲಗಿದಾಗ, ಅಷ್ಟಿಷ್ಟೇ ರಕ್ತಕ್ಕೆ ಬಿಡುತ್ತದೆ. ಸಕ್ಕರೆಯನ್ನು ಹೀಗೆ ಕೂಡಿಡುವ ಗ್ಲೈಕೋಜೆನ್ ಎಂಬ ವಸ್ತುವನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1857ರಲ್ಲಿ ಬೇರ್ಪಡಿಸಿ ತೋರಿಸಿದ್ದರು. ಈ ಉಗ್ರಾಣಕ್ಕೆ ಯಜಮಾನ ಇನ್ಸುಲಿನ್. ದೊಡ್ಡವರಲ್ಲಿ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆಯಲ್ಲಿ ಯಜಮಾನನ ಮಾತು ಅರ್ಧ ಮಾತ್ರ ನಡೆಯುತ್ತದೆ. ‘ಸಾಕು, ಸಕ್ಕರೆ ಬಿಡಬೇಡ’ ಎಂದರೆ ಲಿವರ್ ಕೇಳುವುದಿಲ್ಲ. ‘ಕೊಬ್ಬು ಕಟ್ಟು’ ಎಂದರೆ ಮಾತ್ರ ಕೇಳುತ್ತದೆ. ಮೈಯ ಬೇರೆ ಕಡೆಯ ಕೊಬ್ಬೂ ಕರಗಿ ಬಂದು ಅಲ್ಲಿಯೇ ಸೇರುತ್ತದೆ. ಹೀಗೆ ರಕ್ತದಲ್ಲಿ ಸಕ್ಕರೆ, ಲಿವರಿನಲ್ಲಿ ಕೊಬ್ಬು ಎರಡೂ ಒಟ್ಟಿಗೆ ಏರುತ್ತವೆ. ಆ ಕೊಬ್ಬು ಕೆಲವರಲ್ಲಿ ಸುಮ್ಮನೆ ಕುಳಿತಿರುತ್ತದೆ. ಕೆಲವರಲ್ಲಿ ಉರಿಯೂತ ಎಬ್ಬಿಸುತ್ತದೆ. ಉರಿಯೂತ ವಾಸಿಯಾದಲ್ಲೆಲ್ಲ ಗಾಯದ ಕಲೆಯಂಥ ನಾರು ಉಳಿಯುತ್ತದೆ. ನಾರು ಹೆಚ್ಚುತ್ತಾ ಹೋಗಿ ಲಿವರ್ ಗಟ್ಟಿಯಾಗಿ ಗಂಟುಗಂಟಾದರೆ ಅದೇ ಸಿರೋಸಿಸ್. ಮುಂದೆ ಕ್ಯಾನ್ಸರ್ ಕೂಡ ಆಗಬಹುದು. ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಈ ನಡಿಗೆ ಬಿರುಸಾಗುವ ಅಪಾಯ ಹೆಚ್ಚು.

ಈ ದಾರಿ ಸವೆಯಲು ವರ್ಷಗಟ್ಟಲೆ ಬೇಕು. ಅಷ್ಟು ಕಾಲವೂ ಲಿವರ್ ನೋಯುವುದಿಲ್ಲ, ಕೂಗುವುದಿಲ್ಲ. ಸಾಮಾನ್ಯ ರಕ್ತಪರೀಕ್ಷೆಯೂ ಎಷ್ಟೋ ಸಲ ಸರಿಯಾಗಿಯೇ ಬರುತ್ತದೆ. ಕೊನೆಗೆ ಉಗ್ರಾಣವೇ ಕುಸಿದಾಗ ರಕ್ತಕ್ಕೆ ಬಿಡಲು ಸಕ್ಕರೆಯೇ ಉಳಿದಿರುವುದಿಲ್ಲ. ಮಾಮೂ ಅವರ ಶುಗರ್ ಇಳಿದದ್ದು ಅದಕ್ಕೇ. ನಾವು ಹಿಗ್ಗಿದ್ದು ಮನೆಗೆ ಬೆಂಕಿ ಬಿದ್ದಾಗ ಚಳಿ ಹೋಯಿತು ಎಂದು ಹಿಗ್ಗಿದ ಹಾಗೆ.

ಕುಡಿಯುವವರ ಲಿವರಿಗೂ ಇದಕ್ಕೂ ಸೂಕ್ಷ್ಮದರ್ಶಕದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲವಂತೆ. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಯೂರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು ಇಪ್ಪತ್ತು ರೋಗಿಗಳ ಬಗ್ಗೆ ಬರೆದರು. ಅವರ ಲಿವರುಗಳು ಕುಡುಕರ ಲಿವರುಗಳಂತೆಯೇ ಇದ್ದವು, ಅವರು ಕುಡುಕರಾಗಿರಲಿಲ್ಲ. ಹೆಚ್ಚಿನವರಿಗೆ ಬೊಜ್ಜಿತ್ತು, ಹಲವರಿಗೆ ಸಕ್ಕರೆ ಕಾಯಿಲೆ ಇತ್ತು. ಅಲ್ಲಿಯವರೆಗೆ ಈ ಕಾಯಿಲೆಗೆ ಒಂದು ಹೆಸರೂ ಇರಲಿಲ್ಲ. ಹೆಸರಿಲ್ಲದ ಕಾಲದಲ್ಲಿ ‘ನಾನು ಕುಡಿಯುವುದಿಲ್ಲ’ ಎಂದ ಎಷ್ಟು ಜನ ಸುಳ್ಳುಗಾರರೆನಿಸಿಕೊಂಡು ಮಣ್ಣಾದರೋ! ಆ ಇಪ್ಪತ್ತು ಮಂದಿಯ ಮಾತನ್ನು ನಂಬಿದ್ದರಿಂದ ಒಂದು ಕಾಯಿಲೆ ಕಣ್ಣಿಗೆ ಬಿತ್ತು. ವಿಜ್ಞಾನವೂ ಕೆಲವೊಮ್ಮೆ ಮನುಷ್ಯನ ಮಾತನ್ನು ನಂಬುವುದರಿಂದಲೇ ಶುರುವಾಗುತ್ತದೆ. ಇವತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಲಿವರಿನಲ್ಲಿ ಕೊಬ್ಬಿದೆ ಎಂದು ಅಧ್ಯಯನಗಳು ಹೇಳುತ್ತವೆ. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರೇ ಹತ್ತು ಕೋಟಿ ದಾಟಿದ್ದಾರೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ತಿಳಿಸಿತು. ಇವರಲ್ಲಿ ಎಲ್ಲರಿಗೂ ಸಿರೋಸಿಸ್ ಆಗುವುದಿಲ್ಲ. ಆದರೆ ಆಗುವವರ ಸಂಖ್ಯೆ ಸಣ್ಣದಲ್ಲ.

ಇಷ್ಟು ತಿಳಿದ ಮೇಲೆ ನಮ್ಮ ಮನೆಗೆ ನೆಮ್ಮದಿಯಾಯಿತು. ಮಾಮೂ ನಿರ್ದೋಷಿ. ಆದರೆ ಬಂಧುಗಳು ಸುಮ್ಮನಿರಲಿಲ್ಲ, ಗಾದೆಯ ದಿಕ್ಕು ಬದಲಾಯಿಸಿದರು. ‘ಕುಡಿದಿಲ್ಲ ಸರಿ, ಬಾಯಿ ಕಟ್ಟಲಿಲ್ಲವಲ್ಲ. ಸಿಹಿ ತಿಂದು ಮಾಡಿಕೊಂಡದ್ದು.’ ಒಂದು ಆರೋಪ ಹೋದ ಜಾಗಕ್ಕೆ ಇನ್ನೊಂದು ಬಂದು ಕೂತಿತು. ರೋಗ ಬಂದವನು ಏನಾದರೂ ಮಾಡಿರಲೇಬೇಕು ಎಂಬ ಹಟ ನಮಗೇಕೆ? ನನಗೆ ಕಂಡ ಕಾರಣ ಇದು: ಅವನು ಮಾಡಿ ಉಂಡ ಎಂದಾದರೆ, ಅಂಥದ್ದನ್ನು ಮಾಡದ ನನಗೆ ಅದು ಬರುವುದಿಲ್ಲ. ಗಾದೆಯನ್ನು ನಾವು ನ್ಯಾಯಕ್ಕೆಂದು ಹೇಳುವುದಕ್ಕಿಂತ ಧೈರ್ಯಕ್ಕೆಂದು ಹೇಳಿಕೊಳ್ಳುವುದೇ ಹೆಚ್ಚು.

ಮಾಮೂ ಸಣಕಲು ಮನುಷ್ಯ, ಸೊಂಟದ ಬಳಿ ಮಾತ್ರ ಚಿಕ್ಕ ಬೊಜ್ಜು. ‘ಇಷ್ಟು ತೆಳ್ಳಗಿರುವವರಿಗೆ ಕೊಬ್ಬೆಲ್ಲಿಂದ ಬಂತು’ ಎಂದು ನಾವು ಕೇಳಿದ್ದೆವು. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ ತಮ್ಮದೇ ಮೈಗಳನ್ನು ಅಳೆದು ತೋರಿಸಿದ ಸಂಗತಿ ಇಲ್ಲಿ ನೆನಪಾಗುತ್ತದೆ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಆದರೆ ಇಂಗ್ಲಿಷರವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ನಮ್ಮವರ ಮೈಯಲ್ಲಿ 21.2. ತೆಳ್ಳಗೆ ಕಾಣುವ ಭಾರತೀಯನೊಳಗೆ ಕೊಬ್ಬು ಅಡಗಿರಬಹುದು. ಅದರ ಬೇರು ತಾಯಿಯ ಗರ್ಭದವರೆಗೂ ಹೋಗಬಹುದು ಎಂಬುದು ಯಾಜ್ಞಿಕರ ವಾದ. ನಮ್ಮ ಮೈಸೂರಿನಲ್ಲೇ, ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ಅಳತೆ, ತೂಕಗಳನ್ನು ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ, 1990ರ ದಶಕದಲ್ಲಿ, ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗಿನ ಮೈಯ ಅಳತೆಗೂ, ತಾಯಿಯ ತೂಕಕ್ಕೂ, ಮುಂದೆ ಬರುವ ಸಕ್ಕರೆ ಕಾಯಿಲೆಗೂ ನಂಟು ಕಂಡಿತು.

ಹಾಗಾದರೆ ‘ಮಾಡಿದ್ದು’ ಯಾರು? ಮಾಮೂನೇ? ಅವರನ್ನು ಹೊತ್ತಿದ್ದಾಗ ನಾನಿ ಉಂಡ, ಉಣ್ಣದ ಊಟವೇ? ನಿದ್ದೆಗೆಟ್ಟು ದುಡಿಯಬೇಕಾದ ಜೀವನವೇ? ಅಥವಾ ಹಬ್ಬದ ದಿನ ‘ಒಂದು ಚಮಚ ಶೀರ್‌ಖುರ್ಮಾದಿಂದ ಏನಾಗುತ್ತದೆ’ ಎಂದು ಬಲವಂತ ಮಾಡಿದ ನಾನೇ? ಸಿಹಿ ಬೇಡ ಎಂದವನನ್ನು ನಾವು ಅಹಂಕಾರಿ ಎನ್ನುತ್ತೇವೆ. ತಿಂದು ಕೆಟ್ಟವನನ್ನು ಚಪಲಗಾರ ಎನ್ನುತ್ತೇವೆ. ಎರಡೂ ಕಡೆ ತಟ್ಟೆ ಹಿಡಿದು ನಿಂತವರು ನಾವೇ.

ಇಷ್ಟೆಲ್ಲ ಹೇಳಿದರೆ ಮನುಷ್ಯನಿಗೆ ಹೊಣೆಯೇ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. ಮಾಮೂ ಮಾತ್ರೆ ಬಿಟ್ಟದ್ದು ನಿಜ, ತಪಾಸಣೆಗೆ ಹೋಗದೇ ಇದ್ದದ್ದು ನಿಜ. ಆದರೆ ತಪ್ಪು ಬೇರೆ, ಹೊಣೆ ಬೇರೆ. ತಪ್ಪು ಹಿಂದಕ್ಕೆ ನೋಡುತ್ತದೆ: ಯಾರು ಮಾಡಿದರು? ಹೊಣೆ ಮುಂದಕ್ಕೆ ನೋಡುತ್ತದೆ: ಈಗ ಏನು ಮಾಡೋಣ? ಲಿವರಿನ ವಿಷಯದಲ್ಲಿ ಈ ವ್ಯತ್ಯಾಸ ಜೀವದ ಪ್ರಶ್ನೆ. ತೂಕ ಹೆಚ್ಚಿರುವವರು ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಸಿದರೆ ಲಿವರಿನ ಕೊಬ್ಬು, ಉರಿಯೂತ ಕಡಿಮೆಯಾಗುತ್ತವೆ. ಸಿರೋಸಿಸ್ ಆಗುವ ಮೊದಲಾದರೆ ನಾರು ಕೂಡ ಹಿಂದೆ ಸರಿಯಬಹುದು. ಅಂದರೆ ಬೇಗ ತಿಳಿದವನಿಗೆ ದಾರಿಯಿದೆ. ಆದರೆ ‘ಲಿವರ್’ ಎಂಬ ಪದ ಕೇಳಿದೊಡನೆ ನಡತೆಯ ವಿಚಾರಣೆ ಶುರುವಾಗುವ ಊರಿನಲ್ಲಿ ಯಾರು ಬೇಗ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ? ನಮ್ಮ ಮನೆಯ ಮೂರು ತಿಂಗಳು ಅಕ್ಕಿ ಡಬ್ಬದ ತಳದಲ್ಲಿ ಕಳೆಯಿತು. ಮಾಮೂ ಅವರ ಕಾಯಿಲೆ ಆಗಲೇ ಬಹಳ ಮುಂದೆ ಹೋಗಿತ್ತು, ಆ ತಿಂಗಳುಗಳಿಂದ ಅವರು ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಅವರು ಆ ಮೂರು ತಿಂಗಳ ನೋವನ್ನು ಮದ್ದಿಲ್ಲದೆ ಉಂಡರು. ಅದನ್ನು ಉಣಿಸಿದ್ದು ಗುಮಾನಿ.

ಈಗ ನಾನು ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ಮಾಮೂ ಆಸ್ಪತ್ರೆ ಸೇರಿದಾಗ ಪಕ್ಕದ ಹಾಸಿಗೆಯಲ್ಲಿ ನಂಜನಗೂಡು ಕಡೆಯ ಹಮಾಲಿಯೊಬ್ಬರಿದ್ದರು. ಅದೇ ಊದಿದ ಹೊಟ್ಟೆ, ಅದೇ ಹಳದಿ ಕಣ್ಣು, ಹೊಟ್ಟೆಯ ನೀರು ತೆಗೆಯುವ ಅದೇ ಸೂಜಿ. ಅವರು ಕುಡಿದವರು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ನಮ್ಮನ್ನು ನೋಡಲು ಬಂದ ಪ್ರತಿಯೊಬ್ಬರಿಗೂ ನಾನು ಜೋರಾಗಿ ಹೇಳುತ್ತಿದ್ದೆ, ‘ಇವರದು ಕುಡಿತದ್ದಲ್ಲ, ಶುಗರಿನದು. ಇವರು ಹನಿಯೂ ಮುಟ್ಟಿದವರಲ್ಲ.’ ಮಾಮೂ ಅವರ ಮಾನ ಕಾಯುತ್ತಿದ್ದೇನೆ ಎಂಬ ಹುಮ್ಮಸ್ಸು ನನಗೆ. ಮೂರನೆಯ ದಿನ ಮಾಮೂ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

‘ಹಾಗೆ ಹೇಳಬೇಡ ಬೇಟಾ. ಅವರಿಗೆ ಕೇಳಿಸುತ್ತೆ.’

ಸ್ವಲ್ಪ ಹೊತ್ತು ಬಿಟ್ಟು, ‘ಆ ಟೈಲರಿಗೂ ಕೇಳಿಸಿತ್ತೇನೋ, ಬದುಕಿದ್ದಾಗಲೇ’ ಎಂದರು. ಅಷ್ಟೇ. ಹೆಚ್ಚು ಮಾತಾಡುವ ಶಕ್ತಿ ಅವರಲ್ಲಿರಲಿಲ್ಲ.

ಆ ಮಾತಿನಿಂದ ನನ್ನ ವಾದವೆಲ್ಲ ತಲೆಕೆಳಗಾಯಿತು. ನಾನು ಗಾದೆಯನ್ನು ಬಿಟ್ಟಿರಲಿಲ್ಲ, ಮಾಮೂ ಅವರನ್ನು ಅದರಿಂದ ಬಿಡಿಸಿ ಪಕ್ಕದ ಹಾಸಿಗೆಗೆ ಕಟ್ಟಿದ್ದೆ. ನಿರ್ದೋಷಿ ಎಂದು ಒಬ್ಬರಿಗೆ ಕೊಟ್ಟ ಪತ್ರದ ಬೆನ್ನ ಮೇಲೆ ಇನ್ನೊಬ್ಬರ ಶಿಕ್ಷೆ ಬರೆದಿತ್ತು. ಚಿಕ್ಕಂದಿನಲ್ಲಿ ಮಕ್ತಬಿನಲ್ಲಿ ಕಲಿತ ಎರಡು ಪದಗಳು ಆಗ ನೆನಪಾದವು. ಒಬ್ಬನಲ್ಲಿ ಇಲ್ಲದ ತಪ್ಪನ್ನು ಅವನ ಮೇಲೆ ಹೊರಿಸಿದರೆ ಅದು ಬುಹ್ತಾನ್. ಇರುವ ತಪ್ಪನ್ನೇ ಅವನ ಬೆನ್ನ ಹಿಂದೆ ಆಡಿದರೆ ಅದು ಗೀಬತ್. ಮೊದಲನೆಯದು ಸುಳ್ಳು, ಎರಡನೆಯದು ನಿಜ. ಆದರೂ ಎರಡನ್ನೂ ಪಾಪವೆಂದೇ ಕಲಿಸಿದ್ದರು. ನಿಜವನ್ನು ಹೇಳಿದರೆ ಪಾಪ ಹೇಗಾಗುತ್ತದೆ ಎಂದು ಆ ವಯಸ್ಸಿನಲ್ಲಿ ಅರ್ಥವಾಗಿರಲಿಲ್ಲ. ಆ ವಾರ್ಡಿನಲ್ಲಿ ಅರ್ಥವಾಯಿತು. ಮಾಮೂ ಅವರ ಬಗ್ಗೆ ಊರು ಆಡಿದ್ದು ಬುಹ್ತಾನ್, ಟೈಲರ್ ಬಗ್ಗೆ ಮಾಮೂ ಆಡಿದ್ದು ಗೀಬತ್. ಹಮಾಲಿಯ ಬೆನ್ನ ಹಿಂದೆ ಆಡುವ ಸೌಜನ್ಯವನ್ನೂ ನಾನು ತೋರಿರಲಿಲ್ಲ, ಕಿವಿಯ ಬಳಿಯೇ ಆಡಿದ್ದೆ. ಕುಡಿತ ತಪ್ಪೇ ಎಂಬ ಬಗ್ಗೆ ನನ್ನ ನಂಬಿಕೆ ಆ ದಿನ ಬದಲಾಗಲಿಲ್ಲ, ಇಂದೂ ಬದಲಾಗಿಲ್ಲ. ಆದರೆ ಕುಡಿತ ತಪ್ಪು ಎನ್ನುವುದಕ್ಕೆ ಕುಡಿದವನ ನೋವು ನನಗೆ ಪುರಾವೆಯಾಗಿ ಬೇಕಿಲ್ಲ.

2023ರಲ್ಲಿ ಲಿವರ್ ತಜ್ಞರ ಅಂತರರಾಷ್ಟ್ರೀಯ ಸಂಘಟನೆಗಳು ಈ ಕಾಯಿಲೆಯ ಹೆಸರನ್ನು ಬದಲಿಸಿದವು. ಅಲ್ಲಿಯವರೆಗೆ ‘ಕುಡಿತದ್ದಲ್ಲದ ಕೊಬ್ಬಿನ ಲಿವರ್’ ಎಂಬ ಅರ್ಥದ ಹೆಸರಿತ್ತು. ಕುಡಿತ, ಕೊಬ್ಬು ಎಂಬ ಎರಡು ಪದಗಳೂ ರೋಗಿಗೆ ಕಳಂಕ ಹಚ್ಚುತ್ತವೆ ಎಂಬುದು ಬದಲಾವಣೆಯ ಕಾರಣಗಳಲ್ಲೊಂದು. ಈಗ ಸಕ್ಕರೆ, ಬೊಜ್ಜುಗಳಿಂದಾದದ್ದು, ಕುಡಿತದಿಂದಾದದ್ದು, ಎರಡೂ ಸೇರಿ ಆದದ್ದು, ಎಲ್ಲವನ್ನೂ ಒಂದೇ ದೊಡ್ಡ ಹೆಸರಿನ ಕೆಳಗೆ ಇಟ್ಟಿದ್ದಾರೆ. ಓದಿದಾಗ ನನಗೆ ಆ ವಾರ್ಡು ಕಣ್ಣ ಮುಂದೆ ಬಂತು. ಅಕ್ಕಪಕ್ಕದ ಎರಡು ಹಾಸಿಗೆಗಳು ಕೊನೆಗೂ ಒಂದೇ ಕೊಡೆಯ ಕೆಳಗೆ ಬಂದಿವೆ.

ನಮ್ಮ ಹಿಂದಿನವರು ಈ ಅಂಗವನ್ನು ಹೀಗೆ ನೋಡಿದವರಲ್ಲ. ಯೂನಾನಿ ವೈದ್ಯದಲ್ಲಿ ಹೃದಯ, ಮೆದುಳು, ಜಿಗರ್ ಮೂರೂ ಅಂಗಗಳಲ್ಲಿ ಮೇಲಿನ ಸ್ಥಾನದವು. ಉರ್ದುವಿನಲ್ಲಿ ಆಪ್ತ ಗೆಳೆಯ ಜಿಗರೀ ದೋಸ್ತ್. ಧೈರ್ಯವಂತನಿಗೆ ಜಿಗರ್ ಇದೆ. ಮಗು ಲಖ್ತ್-ಎ-ಜಿಗರ್, ಅಂದರೆ ಲಿವರಿನ ಒಂದು ತುಣುಕು. ಕನ್ನಡ ಇದೇ ಪ್ರೀತಿಯನ್ನು ಕರುಳಿನಲ್ಲಿಟ್ಟು ಕರುಳ ಕುಡಿ ಎನ್ನುತ್ತದೆ. ಜಾಗ ಸ್ವಲ್ಪ ಆಚೆ ಈಚೆ, ಸಂಕಟ ಒಂದೇ. ಅಕ್ಕರೆ ಇರಬೇಕಾದ ಅಂಗವನ್ನು ನಡತೆಯ ಸರ್ಟಿಫಿಕೇಟ್ ಮಾಡಿದವರು ನಾವು.

ಮಾಮೂ ಆ ಮಳೆಗಾಲ ದಾಟಲಿಲ್ಲ. ಅವರ ಹಿರಿಯ ಮಗನಿಗೂ ಈಗ ಸಕ್ಕರೆ ಕಾಯಿಲೆ ಇದೆ. ಅವನು ವರ್ಷಕ್ಕೊಮ್ಮೆ ಲಿವರ್ ತೋರಿಸಿಕೊಳ್ಳುತ್ತಾನೆ. ದೊಡ್ಡ ಖರ್ಚಿನ ಕೆಲಸವೇನಲ್ಲ. ವಯಸ್ಸು, ರಕ್ತದಲ್ಲಿನ ಎರಡು ಲಿವರ್ ಕಿಣ್ವಗಳು, ಪ್ಲೇಟ್‌ಲೆಟ್ ಎಣಿಕೆ, ಈ ನಾಲ್ಕನ್ನು ಲೆಕ್ಕ ಹಾಕಿಯೇ ನಾರುಗಟ್ಟುವ ಅಪಾಯ ಯಾರಿಗೆ ಹೆಚ್ಚು ಎಂದು ವೈದ್ಯರು ಅಂದಾಜು ಮಾಡುತ್ತಾರೆ. ಸಂಶಯ ಬಂದರೆ ಮುಂದಿನ ಸ್ಕ್ಯಾನಿಂಗ್. ಸಕ್ಕರೆ, ರಕ್ತದೊತ್ತಡ, ಕ್ಯಾನ್ಸರುಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ಈ ಲಿವರ್ ಕಾಯಿಲೆಯನ್ನೂ ಸೇರಿಸಿತು. ಸಕ್ಕರೆ ಕಾಯಿಲೆಗೆ ಮಾತ್ರೆ ತರಲು ಹೋದವರು ‘ನನ್ನ ಲಿವರನ್ನೂ ಒಮ್ಮೆ ನೋಡಿ’ ಎಂದು ಕೇಳಬಹುದು. ಕೇಳಲು ನಾಚಿಕೆಯಾಗದ ಹಾಗೆ ಮಾಡುವುದು ಉಳಿದವರ ಕೆಲಸ.

ಮುಂದೆ ಯಾರಾದರೂ ನಿಮ್ಮ ಹತ್ತಿರ ಬಂದು, ದನಿ ತಗ್ಗಿಸಿ, ‘ಅವರಿಗೆ ಲಿವರ್ ಹೋಗಿದೆಯಂತೆ’ ಎನ್ನಬಹುದು. ಆಗ ನಾಲಿಗೆಯ ತುದಿಗೆ ಬರುವ ಮೊದಲ ಪ್ರಶ್ನೆ ನಮಗೆಲ್ಲ ಗೊತ್ತಿರುವುದೇ. ಅದನ್ನು ನುಂಗಿಕೊಂಡು, ಆಸ್ಪತ್ರೆಗೆ ಜೊತೆಯಲ್ಲಿ ಯಾರು ಹೋಗುತ್ತಿದ್ದಾರೆ ಎಂದು ಕೇಳಿ.